ಮುಂಬೈಗೆ ಹೋಗಿ ಕ್ಯಾಮ್ಡನ್‌ಗೆ ಬಂದ ಕರೆಗಳು: ನ್ಯೂಜೆರ್ಸಿಯ ಒಂದು ಪ್ರಕರಣ ಅಧ್ಯಯನ

ಅಮೆರಿಕದ ನ್ಯೂಜೆರ್ಸಿಯಲ್ಲಿ ಬಡ ಕುಟುಂಬಗಳಿಗೆ ಸರ್ಕಾರ ಕೊಡುವ ನಗದು, ಆಹಾರದ ನೆರವು ಎರಡೂ ಒಂದೇ ಪ್ಲಾಸ್ಟಿಕ್ ಕಾರ್ಡಿಗೆ ಜಮಾ ಆಗುತ್ತವೆ. ಕಾರ್ಡಿನ ಹೆಸರು ಫ್ಯಾಮಿಲೀಸ್ ಫಸ್ಟ್. ಅಂಗಡಿಯಲ್ಲಿ ಅದನ್ನು ಉಜ್ಜಿ ನಾಲ್ಕಂಕಿಯ ಪಿನ್ ಒತ್ತಿದರೆ ಸಾಮಾನು ಸಿಗುತ್ತದೆ. ತೊಂದರೆ ಆದರೆ ಫೋನ್ ಮಾಡಲು ಒಂದು ಟೋಲ್ ಫ್ರೀ ನಂಬರ್ ಇರುತ್ತದೆ. 2002ರಲ್ಲಿ ಆ ನಂಬರಿಗೆ ಫೋನ್ ಮಾಡಿದವರಿಗೆ ಉತ್ತರ ಬರುತ್ತಿದ್ದದ್ದು ಮುಂಬೈಯಿಂದ.

ಕಾಲ್ ಸೆಂಟರ್ ಕೆಲಸ ದೇಶ ದಾಟಿ ಹೋದ ಪ್ರಕರಣಗಳು ಬೇಕಾದಷ್ಟಿವೆ. ಬ್ಯಾಂಕು, ಟೆಲಿಫೋನ್, ವಿಮೆ ಕಂಪನಿಗಳು ಸಾವಿರಗಟ್ಟಲೆ ಕೆಲಸಗಳನ್ನು ಒಂದೇ ಸಲಕ್ಕೆ ಸಾಗಿಸಿವೆ. ಅವುಗಳ ಮುಂದೆ ಇದು ತೀರಾ ಚಿಕ್ಕದು, ಬೆರಳೆಣಿಕೆಯ ಕುರ್ಚಿಗಳ ವಿಷಯ. ಆದರೂ ಇದನ್ನೇ ಆರಿಸಿಕೊಂಡೆ. ಇಲ್ಲಿ ಕೆಲಸ ಹೋಯಿತು, ಗಲಾಟೆ ಆಯಿತು, ಕೆಲಸ ದೇಶಕ್ಕೆ ವಾಪಸ್ ಬಂತು, ಕೊನೆಗೆ ಕಾನೂನೂ ಆಯಿತು. ಇಷ್ಟೂ ಒಂದೇ ಪ್ರಕರಣದಲ್ಲಿ ಸಿಗುವುದು ಅಪರೂಪ. ಹೊರಗಿನಿಂದ ನೋಡಿದರೆ ಇದು ಪೂರ್ತಿ ಗೆದ್ದ ಪ್ರಕರಣ. ಆದರೆ ಮೊದಲು ಕೆಲಸ ಕಳೆದುಕೊಂಡವರಿಗೆ ಏನು ಸಿಕ್ಕಿತು ಅಂತ ಕೇಳಿದರೆ, ಆ ಗೆಲುವಿನಲ್ಲಿ ಅವರು ಎಲ್ಲೂ ಕಾಣುವುದಿಲ್ಲ.

ಕಾರ್ಡು ಮತ್ತು ಕರೆ

ಹಿನ್ನೆಲೆ ಸ್ವಲ್ಪ ಬೇಕು. 1996ರ ಆಗಸ್ಟಿನಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಬಡವರ ನೆರವಿನ ನಿಯಮಗಳನ್ನೇ ಬದಲಿಸಿದ ಕಾನೂನಿಗೆ ಸಹಿ ಹಾಕಿದರು. ಅಲ್ಲಿಂದ ಮುಂದೆ ಒಕ್ಕೂಟ ಸರ್ಕಾರದ ಹಣದಲ್ಲಿ ನಗದು ನೆರವು ಸಿಗುವುದು ಜೀವಮಾನದಲ್ಲಿ 60 ತಿಂಗಳು ಮಾತ್ರ ಅಂತಾಯಿತು. ಅದರ ಜೊತೆಗೆ ಕೆಲಸದ ಷರತ್ತು. ನೆರವು ಪಡೆಯುವವರು ಕೆಲಸ ಹುಡುಕಬೇಕು, ಸಿಕ್ಕಿದ ಕೆಲಸಕ್ಕೆ ಹೋಗಬೇಕು. ನ್ಯೂಜೆರ್ಸಿ 1997ರಲ್ಲಿ ಇದನ್ನು ವರ್ಕ್ ಫಸ್ಟ್ ಎಂಬ ಹೆಸರಿನಲ್ಲಿ ಜಾರಿಗೆ ತಂದಿತು. ಮೊದಲು ಕೆಲಸ, ಉಳಿದದ್ದೆಲ್ಲ ಆಮೇಲೆ ಅನ್ನುವ ಧಾಟಿ. ಮೂರು ಜನರ ಕುಟುಂಬಕ್ಕೆ ತಿಂಗಳಿಗೆ ಹೆಚ್ಚೆಂದರೆ 424 ಡಾಲರ್ ಸಿಗುತ್ತಿತ್ತು. 1987ರಲ್ಲಿ ನಿಗದಿಯಾದ ಈ ಮೊತ್ತ 2018ರವರೆಗೂ ಒಂದು ಡಾಲರ್ ಕೂಡ ಮೇಲೇರಲಿಲ್ಲ.

ಅದೇ ಕಾಲದಲ್ಲಿ ಕಾಗದದ ಕೂಪನ್ ಹೋಗಿ ಕಾರ್ಡು ಬಂತು. 2002ರ ಅಕ್ಟೋಬರ್ ಒಳಗೆ ಎಲ್ಲ ರಾಜ್ಯಗಳೂ ಆಹಾರ ನೆರವನ್ನು ಕಾರ್ಡಿಗೆ ಬದಲಾಯಿಸಬೇಕು ಅಂತ ಒಕ್ಕೂಟ ಸರ್ಕಾರ ಗಡುವು ಹಾಕಿತ್ತು. ಕೂಪನ್ ಹಿಡಿದು ಸಾಲಿನಲ್ಲಿ ನಿಲ್ಲುವ ನಾಚಿಕೆ ತಪ್ಪಿತು, ಅದು ಒಳ್ಳೆಯದೇ. ಆದರೆ ಕಾರ್ಡಿಗೆ ಅದರದೇ ಆದ ತಾಪತ್ರಯಗಳಿವೆ. ಪಿನ್ ಮರೆತುಹೋಗುತ್ತದೆ. ಮೆಷಿನ್ ಕೈಕೊಡುತ್ತದೆ. ಬಾಕಿ ಎಷ್ಟಿದೆ ಅಂತ ಗೊತ್ತಾಗುವುದಿಲ್ಲ.

ಇವುಗಳಲ್ಲಿ ಎಲ್ಲಕ್ಕಿಂತ ಗಂಭೀರವಾದದ್ದು ಕಾರ್ಡು ಕಳೆದುಹೋದಾಗ ಬರುವ ಕರೆ. ನಿಯಮ ಹೀಗಿದೆ: ಕಾರ್ಡು ಕಳೆದಿದೆ ಅಂತ ಫೋನಿನಲ್ಲಿ ತಿಳಿಸಿದ ಕ್ಷಣದಿಂದ ಮುಂದೆ ಆಗುವ ನಷ್ಟಕ್ಕೆ ರಾಜ್ಯ ಸರ್ಕಾರ ಹೊಣೆ. ಅದಕ್ಕೂ ಮೊದಲು ಯಾರಾದರೂ ಹಣ ಖಾಲಿ ಮಾಡಿದ್ದರೆ ಆ ತಿಂಗಳ ಊಟ ಹೋದಂತೆಯೇ. ಹಾಗಾಗಿ ಹಗಲು ರಾತ್ರಿ ಎನ್ನದೆ ಈ ನಂಬರ್ ತೆರೆದಿರಬೇಕು. ಫೋನ್ ಮಾಡುವವರು ಗಾಬರಿಯಲ್ಲಿ ಇರುತ್ತಾರೆ. ಎತ್ತಿದವರು ಮೊದಲು ಅವರು ಯಾರು ಅಂತ ಖಚಿತ ಮಾಡಿಕೊಳ್ಳಬೇಕು, ತಕ್ಷಣ ಕಾರ್ಡು ನಿಲ್ಲಿಸಬೇಕು, ಹೊಸ ಕಾರ್ಡು ಕಳಿಸಲು ಹಾಕಬೇಕು. ಮಧ್ಯದಲ್ಲಿ ಮಗು ಅಳುತ್ತಿರುತ್ತದೆ, ವಿಳಾಸ ಬದಲಾಗಿರುತ್ತದೆ, ಕೇಳಿದ ಪ್ರಶ್ನೆಗೆ ಬೇರೆ ಉತ್ತರ ಬರುತ್ತದೆ. ಸ್ಕ್ರಿಪ್ಟ್ ನೋಡಿ ಓದುವ ಕೆಲಸ ಅಂತ ಇದನ್ನು ಹಗುರವಾಗಿ ನೋಡುವವರು ಅಂಥ ಒಂದು ಕರೆಯನ್ನು ಕಿವಿಗೊಟ್ಟು ಕೇಳಬೇಕು. ಇದು ಕಲಿತು ಪಳಗಬೇಕಾದ ಕೆಲಸ.

ಗುತ್ತಿಗೆ ಎಲ್ಲಿಗೆ ಸರಿಯಿತು

ಈ ಕಾರ್ಡಿನ ವ್ಯವಹಾರವನ್ನು ನ್ಯೂಜೆರ್ಸಿ ಸರ್ಕಾರ ಗುತ್ತಿಗೆಗೆ ಕೊಟ್ಟಿತ್ತು. ಪಡೆದದ್ದು ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿದ್ದ ಇ-ಫಂಡ್ಸ್ ಕಂಪನಿ. ಚೆಕ್ ಮುದ್ರಿಸುವ ಡಿಲಕ್ಸ್ ಕಂಪನಿಯಿಂದ 2000ರಲ್ಲಿ ಬೇರೆಯಾಗಿ ಬಂದ ಸಂಸ್ಥೆ ಇದು. ಭಾರತದಲ್ಲಿ ಅದಕ್ಕೆ ಸ್ವಂತ ಕಚೇರಿಗಳಿದ್ದವು. ನ್ಯೂಜೆರ್ಸಿಯ ಕರೆಗಳಿಗೆ ಮೊದಲು ಉತ್ತರಿಸುತ್ತಿದ್ದದ್ದು ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಎಂಬ ಊರಿನಲ್ಲಿ. ಖರ್ಚು ಉಳಿಸಲು ಕಂಪನಿ ಆ ಕೆಲಸವನ್ನು ಮುಂಬೈಗೆ ಸಾಗಿಸಿತು.

ಕಂಪನಿ ಇದಕ್ಕೆ ಯಾವ ನಿಯಮವನ್ನೂ ಮುರಿಯಬೇಕಾಗಲಿಲ್ಲ. ಫೋನ್ ಎತ್ತುವವರು ಇಂಥ ದೇಶದಲ್ಲೇ ಇರಬೇಕು ಅಂತ ಹೇಳುವ ಕಾನೂನು ಆಗ ನ್ಯೂಜೆರ್ಸಿಯಲ್ಲಿ ಇರಲಿಲ್ಲ. ಎಷ್ಟು ಬೇಗ ಎತ್ತಬೇಕು, ಎಷ್ಟು ಹೊತ್ತಿನಲ್ಲಿ ಮುಗಿಸಬೇಕು ಅಂತ ಇಂಥ ಗುತ್ತಿಗೆಗಳಲ್ಲಿ ಬರೆದಿರುತ್ತದೆ. ಎಲ್ಲಿಂದ ಎತ್ತುತ್ತಾರೆ ಅನ್ನುವುದನ್ನು ಕೇಳಬೇಕು ಅಂತ ಬಹಳ ಜನಕ್ಕೆ ಹೊಳೆದೇ ಇರಲಿಲ್ಲ.

ಕಂಪನಿಗಳ ಮೇಲಿನ ಒತ್ತಡ ಎಲ್ಲಿಂದ ಬಂತು ಅನ್ನುವುದನ್ನೂ ನೋಡಬೇಕು. ನೆರವಿನ ಕಾರ್ಡಿನ ಗುತ್ತಿಗೆಗಳಲ್ಲಿ ಸಾಮಾನ್ಯವಾಗಿ ಒಂದು ಕುಟುಂಬಕ್ಕೆ ತಿಂಗಳಿಗೆ ಇಂತಿಷ್ಟು ಅಂತ ದರ ಇರುತ್ತದೆ. ಕುಟುಂಬಗಳು ಜಾಸ್ತಿ ಇದ್ದರೆ ಆದಾಯ ಜಾಸ್ತಿ. ಆದರೆ 1996ರ ಕಾನೂನಿನ ನಂತರ ಇಡೀ ದೇಶದಲ್ಲಿ ನಗದು ನೆರವು ಪಡೆಯುವವರ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಗುತ್ತಿಗೆದಾರರ ಆದಾಯ ಇಳಿಯಿತು, ಕಂಪ್ಯೂಟರು, ಸಿಬ್ಬಂದಿಯ ಖರ್ಚು ಹಾಗೇ ಉಳಿಯಿತು. ಇದರ ಮೇಲೆ ಟೆಂಡರ್ ಹೋಗುವುದು ಕಡಿಮೆ ದರ ಹಾಕಿದವರಿಗೆ. ಕಡಿಮೆಗೆ ಬೇಕು ಅಂತ ಹಿಂಡಿದವರು ಸರ್ಕಾರಗಳೇ. ಹಿಂಡಿಸಿಕೊಂಡ ಕಂಪನಿಗಳು ತಮ್ಮ ಕೆಳಗಿದ್ದವರನ್ನು ಹಿಂಡಿದವು. ಕಂಪನಿಯೊಂದನ್ನೇ ಬೈದು ಸುಮ್ಮನಾದರೆ ಈ ಭಾಗ ಕಣ್ಣಿಗೆ ಬೀಳುವುದಿಲ್ಲ.

ಶಾಸನಸಭೆಗೆ ಬಂದ ವಿಷಯ

2002ರಲ್ಲಿ ನ್ಯೂಜೆರ್ಸಿ ಸೆನೆಟ್ ಸದಸ್ಯೆ ಶರ್ಲಿ ಟರ್ನರ್ ಅವರ ಕಿವಿಗೆ ಈ ವಿಷಯ ಬಿತ್ತು. ಅವರು ಡೆಮಾಕ್ರಟಿಕ್ ಪಕ್ಷದವರು. ರಾಜ್ಯ ಸರ್ಕಾರದ ಗುತ್ತಿಗೆ ಕೆಲಸವನ್ನು ಅಮೆರಿಕದ ನಾಗರಿಕರು ಅಥವಾ ಅಲ್ಲಿ ಕೆಲಸ ಮಾಡುವ ಹಕ್ಕಿರುವವರೇ ಮಾಡಬೇಕು ಅನ್ನುವ ಮಸೂದೆಯನ್ನು ಅವರು ಮಂಡಿಸಿದರು.

ಅವರ ಆಕ್ಷೇಪಣೆಯ ತಿರುಳು ಸರಳ. ಸರ್ಕಾರ ಒಂದು ಕೈಯಲ್ಲಿ ಬಡವರಿಗೆ ಗಡುವು ಕೊಟ್ಟು, ಕೆಲಸ ಹುಡುಕಿಕೊಳ್ಳಿ ಅನ್ನುತ್ತಿದೆ. ಇನ್ನೊಂದು ಕೈಯಲ್ಲಿ ಅದೇ ಬಡವರು ಕಲಿತು ಮಾಡಬಹುದಾದ ಕೆಲಸವನ್ನು, ಅದೂ ಅವರ ನೆರವಿಗೇ ಸಂಬಂಧಪಟ್ಟ ಕೆಲಸವನ್ನು, ಹೊರದೇಶಕ್ಕೆ ಹೋಗಲು ಬಿಟ್ಟಿದೆ. ಕಾಲೇಜು ಡಿಗ್ರಿ ಇಲ್ಲದವರಿಗೂ ಕೂತು ಮಾಡುವ, ತಿಂಗಳ ಸಂಬಳ ಬರುವ ಕೆಲಸ ಅಂದರೆ ಆಗ ಕಾಲ್ ಸೆಂಟರೇ. ನ್ಯೂಜೆರ್ಸಿಯ ಕನಿಷ್ಠ ಕೂಲಿ ಆಗ ಗಂಟೆಗೆ 5.15 ಡಾಲರ್ ಇತ್ತು. ಪುಟ್ಟ ಮಕ್ಕಳಿರುವ ತಾಯಿಗೆ ಅಂಥ ಕೂಲಿಯ ಕೆಲಸಕ್ಕೂ ಕಾಲ್ ಸೆಂಟರ್ ಕುರ್ಚಿಗೂ ಬಹಳ ವ್ಯತ್ಯಾಸವಿದೆ. ಈ ವಾದದಲ್ಲಿ ನನಗೆ ಯಾವ ಹುಳುಕೂ ಕಾಣುವುದಿಲ್ಲ.

2002ರ ಡಿಸೆಂಬರಿನಲ್ಲಿ ಸೆನೆಟ್ ಈ ಮಸೂದೆಯನ್ನು 40-0 ಮತಗಳಿಂದ ಒಪ್ಪಿತು. ಒಬ್ಬರೂ ವಿರೋಧಿಸಲಿಲ್ಲ. ಆದರೆ ಕೆಳಮನೆಯಲ್ಲಿ ಅದು ಮುಂದೆ ಸರಿಯಲೇ ಇಲ್ಲ. ಭಾರತದ ಸಾಫ್ಟ್‌ವೇರ್ ಉದ್ಯಮ ಇದನ್ನು ಆತಂಕದಿಂದ ನೋಡುತ್ತಿತ್ತು, ಅಮೆರಿಕದ ಉದ್ಯಮ ಸಂಘಗಳೂ ಖರ್ಚು ಏರುತ್ತದೆ ಅಂತ ತಕರಾರು ತೆಗೆದವು.

ಈ ಗಲಾಟೆ ಒಂದೇ ರಾಜ್ಯದ್ದಾಗಿರಲಿಲ್ಲ. 2002ರ ಕೊನೆಗೆ ಫಾರೆಸ್ಟರ್ ಎಂಬ ಸಂಶೋಧನಾ ಸಂಸ್ಥೆ, 2015ರ ಹೊತ್ತಿಗೆ ಅಮೆರಿಕದ 33 ಲಕ್ಷ ಸೇವಾ ಕೆಲಸಗಳು ಹೊರದೇಶಕ್ಕೆ ಹೋಗುತ್ತವೆ ಅಂತ ಅಂದಾಜು ಹೇಳಿತ್ತು. ಆ ಸಂಖ್ಯೆ ಎಲ್ಲರ ಬಾಯಲ್ಲೂ ಓಡಾಡಿತು. 2003ರ ನವೆಂಬರಿನಲ್ಲಿ ಇಂಡಿಯಾನಾದ ಗವರ್ನರ್ ಜೋ ಕರ್ನನ್, ಟಿಸಿಎಸ್‌ನ ಅಮೆರಿಕ ಶಾಖೆಗೆ ಕೊಟ್ಟಿದ್ದ ಸುಮಾರು 1.5 ಕೋಟಿ ಡಾಲರ್‌ನ ಗುತ್ತಿಗೆ ರದ್ದು ಮಾಡಿದರು. ಅದು ನಿರುದ್ಯೋಗ ಭತ್ಯೆ ಇಲಾಖೆಯ ಕಂಪ್ಯೂಟರ್ ಕೆಲಸ. ಕೆಲಸ ಕಳೆದುಕೊಂಡವರ ಅರ್ಜಿ ನೋಡುವ ವ್ಯವಸ್ಥೆಯನ್ನೇ ಹೊರಗಿನವರಿಗೆ ಕೊಟ್ಟಿದ್ದೀರಾ ಅಂತ ಜನ ಕೇಳಿದ್ದರು.

ಕ್ಯಾಮ್ಡನ್

ಮಸೂದೆ ಕಾನೂನಾಗುವ ಮೊದಲೇ ಕಂಪನಿ ಮಣಿಯಿತು. 2003ರಲ್ಲಿ ಕರೆಗಳನ್ನು ಮುಂಬೈಯಿಂದ ತೆಗೆದು ನ್ಯೂಜೆರ್ಸಿಯ ಕ್ಯಾಮ್ಡನ್‌ಗೆ ತರಲು ಒಪ್ಪಂದ ಆಯಿತು. ಹೆಚ್ಚಾಗುವ ಖರ್ಚನ್ನು ರಾಜ್ಯ ಸರ್ಕಾರ ಹೊತ್ತಿತು.

ಊರಿನ ಆಯ್ಕೆ ಸುಮ್ನೆ ಆದದ್ದಲ್ಲ. ಕ್ಯಾಮ್ಡನ್ ಒಂದು ಕಾಲದಲ್ಲಿ ಹಡಗು ಕಟ್ಟುತ್ತಿದ್ದ, ರೇಡಿಯೋ, ಗ್ರಾಮಫೋನ್ ಮಾಡುತ್ತಿದ್ದ, ಸೂಪ್ ಡಬ್ಬಿ ತುಂಬುತ್ತಿದ್ದ ಊರು. ಹಡಗುಕಟ್ಟೆ 1967ರಲ್ಲಿ ಮುಚ್ಚಿತು. ಕ್ಯಾಂಪ್‌ಬೆಲ್ ಸೂಪ್‌ನ ಕಾರ್ಖಾನೆ 1990ರಲ್ಲಿ ಬಾಗಿಲು ಹಾಕಿತು. 1950ರಲ್ಲಿ ಅಲ್ಲಿ 1,24,000ಕ್ಕೂ ಹೆಚ್ಚು ಜನ ಇದ್ದರು, 2000ದಲ್ಲಿ 80,000ಕ್ಕಿಂತ ಕಡಿಮೆ. 2002ರಲ್ಲಿ ರಾಜ್ಯ ಸರ್ಕಾರ ಊರಿನ ಆಡಳಿತವನ್ನೇ ತನ್ನ ಕೈಗೆ ತೆಗೆದುಕೊಂಡಿತ್ತು. ಅಂಥ ಊರಿಗೆ ಹತ್ತು ಕೆಲಸ ಬಂದರೂ ಬೇಕು.

ವಿರೋಧಿಸಿದವರ ಲೆಕ್ಕ ಬೇರೆ. ಉಳಿದದ್ದು ಬೆರಳೆಣಿಕೆಯ ಕೆಲಸ, ಅದಕ್ಕೆ ತೆರಿಗೆ ಹಣ ಇಷ್ಟೊಂದು ಯಾಕೆ ಸುರಿಯಬೇಕು ಅಂತ ಅವರು ಕೇಳಿದರು. ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಕ್ಯಾಮ್ಡನ್‌ನಲ್ಲಿ ಒಬ್ಬ ತಾಯಿ ನೆರವಿನ ಪಟ್ಟಿಯಿಂದ ಹೊರಬಂದು ಈ ಕುರ್ಚಿಯಲ್ಲಿ ಕೂತರೆ ಸರ್ಕಾರಕ್ಕೆ ಉಳಿಯುವ ನಗದು ವರ್ಷಕ್ಕೆ ಹೆಚ್ಚೆಂದರೆ 5,088 ಡಾಲರ್. ಆಹಾರ ನೆರವಿನ ಒಂದಷ್ಟು ಭಾಗವನ್ನು ಇದಕ್ಕೆ ಸೇರಿಸಬಹುದು. ಅದರಿಂದ ಒಂದು ಸಂಬಳ ತುಂಬುವುದಿಲ್ಲ, ನಿಜ. ಆದರೆ ಮುಂಬೈಗೆ ಕಳಿಸಿ ಉಳಿಸಿದ ಹಣದಲ್ಲಿ ರಾಜ್ಯದ ಪಾಲು ಎಷ್ಟು ಅಂತಲೂ ಕೇಳಬೇಕಲ್ವಾ? ಆಹಾರ ನೆರವಿನ ಆಡಳಿತ ಖರ್ಚಿನಲ್ಲಿ ಆಗ ಅರ್ಧ ಒಕ್ಕೂಟ ಸರ್ಕಾರದ್ದಾಗಿತ್ತು. ಉಳಿತಾಯವಾದರೂ, ನಷ್ಟವಾದರೂ ಅರ್ಧ ಅಲ್ಲಿಗೇ ಹೋಗುತ್ತಿತ್ತು. ಊರಿನಲ್ಲಿ ಖರ್ಚಾಗುವ ಸಂಬಳ, ಅದರ ಮೇಲಿನ ತೆರಿಗೆ, ಅನುಭವ ಸಿಕ್ಕಿದವರು ಮುಂದೆ ಹಿಡಿಯುವ ಕೆಲಸ ಇವೆಲ್ಲ ಟೆಂಡರ್ ಕಾಗದದ ಮೇಲೆ ಬರುವುದೇ ಇಲ್ಲ.

ಮುಂದೆ ಕಾನೂನೂ ಬಂತು. ಮೊದಲ ಮಸೂದೆ ಆ ಅವಧಿಯ ಜೊತೆಗೇ ಬಿದ್ದುಹೋಗಿತ್ತು, ಟರ್ನರ್ ಹೊಸ ಅವಧಿಯಲ್ಲಿ ಮತ್ತೆ ತಂದರು. 2004ರ ಸೆಪ್ಟೆಂಬರಿನಲ್ಲಿ ಗವರ್ನರ್ ಜಿಮ್ ಮೆಕ್‌ಗ್ರೀವಿ ಗುತ್ತಿಗೆ ಕೆಲಸ ಎಲ್ಲಿ ನಡೆಯುತ್ತದೆ ಅಂತ ಕಂಪನಿಗಳು ಬಹಿರಂಗ ಮಾಡಬೇಕು ಎಂದು ಆದೇಶ ಹೊರಡಿಸಿದರು. 2005ರ ಮೇ ತಿಂಗಳಲ್ಲಿ ಹಂಗಾಮಿ ಗವರ್ನರ್ ರಿಚರ್ಡ್ ಕೋಡಿ ಮಸೂದೆಗೆ ಸಹಿ ಹಾಕಿದರು. ರಾಜ್ಯದ ಸೇವಾ ಗುತ್ತಿಗೆಯ ಕೆಲಸ ಅಮೆರಿಕದ ಒಳಗೇ ನಡೆಯಬೇಕು. ಆ ಸೇವೆ ದೇಶದೊಳಗೆ ಸಿಗುವುದಿಲ್ಲ ಅಂತ ಅಧಿಕಾರಿ ಬರವಣಿಗೆಯಲ್ಲಿ ಪ್ರಮಾಣೀಕರಿಸಿದರೆ ಮಾತ್ರ ವಿನಾಯಿತಿ.

ಗ್ರೀನ್ ಬೇಯವರು ಏನಾದರು

ಪ್ರಕರಣದ ಎಲ್ಲ ಹೇಳಿಕೆಗಳಲ್ಲೂ ಎರಡು ಊರುಗಳ ಹೆಸರು ದೊಡ್ಡದಾಗಿ ಕೇಳುತ್ತದೆ: ಮುಂಬೈ ಮತ್ತು ಕ್ಯಾಮ್ಡನ್. ಆದರೆ ಕೆಲಸ ಹೋದದ್ದು ಗ್ರೀನ್ ಬೇಯಿಂದ. ವಾಪಸ್ ಬಂದದ್ದು ಅಲ್ಲಿಗಲ್ಲ. ಗ್ರೀನ್ ಬೇಗೂ ಕ್ಯಾಮ್ಡನ್‌ಗೂ ನಡುವೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ. ನ್ಯೂಜೆರ್ಸಿ ಶಾಸನಸಭೆಯಲ್ಲಿ ವಿಸ್ಕಾನ್ಸಿನ್ ಮತದಾರರ ಪರವಾಗಿ ಮಾತಾಡಲು ಯಾರೂ ಇರಲಿಲ್ಲ, ಇರುವುದು ಸಾಧ್ಯವೂ ಇಲ್ಲ. ನ್ಯೂಜೆರ್ಸಿಯ ಹಣ ನ್ಯೂಜೆರ್ಸಿಯಲ್ಲೇ ಖರ್ಚಾಗಲಿ ಅನ್ನುವುದು ಅವರ ಮಟ್ಟಿಗೆ ಸರಿ. ಆದರೆ ಕುರ್ಚಿ ಕಳೆದುಕೊಂಡ ವ್ಯಕ್ತಿಯ ಕಡೆಯಿಂದ ನೋಡಿದರೆ ಕೆಲಸ ಮುಂಬೈಯಲ್ಲಿದ್ದರೂ ಕ್ಯಾಮ್ಡನ್‌ನಲ್ಲಿದ್ದರೂ ಒಂದೇ.

ಆ ಹೊತ್ತಿನಲ್ಲಿ ಅವರಂಥವರಿಗೆ ಅಮೆರಿಕದ ಕಾನೂನು ಏನು ಕೊಡುತ್ತಿತ್ತು? ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮೊದಲನೆಯದು ಮುನ್ಸೂಚನೆ. 1988ರ ಕಾನೂನಿನ ಪ್ರಕಾರ 100 ಅಥವಾ ಹೆಚ್ಚು ಜನರಿರುವ ಕಂಪನಿ ಒಂದು ಜಾಗವನ್ನು ಮುಚ್ಚಿ 50 ಅಥವಾ ಹೆಚ್ಚು ಜನರನ್ನು ತೆಗೆಯುವಾಗ 60 ದಿನ ಮೊದಲೇ ನೋಟಿಸ್ ಕೊಡಬೇಕು. ಒಂದು ಗುತ್ತಿಗೆಗೆ ಕೂತ ಸಣ್ಣ ಟೀಮು ಈ 50ರ ಗೆರೆಯನ್ನು ಮುಟ್ಟುವುದೇ ಇಲ್ಲ. ದೊಡ್ಡ ಕಾಲ್ ಸೆಂಟರ್ ಕೂಡ ಒಂದೇ ಸಲ ಮುಚ್ಚದೆ ಇವತ್ತೊಂದು ಟೀಮು, ಮೂರು ತಿಂಗಳು ಬಿಟ್ಟು ಇನ್ನೊಂದು ಟೀಮು ಅಂತ ಕರಗಿಸಿದರೆ ಗೆರೆಯ ಕೆಳಗೇ ಉಳಿಯಬಹುದು. ಆ ಕರಗುವ ತಿಂಗಳುಗಳಲ್ಲಿ ಉಳಿದವರ ಪಾಡು ಹೇಳತೀರದು. ಯಾರ ಸರದಿ ಯಾವಾಗ ಅಂತ ಗೊತ್ತಿರುವುದಿಲ್ಲ. ಕರೆಗಳು ಕಡಿಮೆಯಾಗುತ್ತಾ ಬಂದವು ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಹಲವು ಕಡೆ ಹೊಸ ಜಾಗದವರಿಗೆ ಕೆಲಸ ಕಲಿಸಿಕೊಡುವುದೂ ಅವರ ಪಾಲಿಗೇ ಬರುತ್ತದೆ. ತನ್ನ ಕೆಲಸವನ್ನು ಕಿತ್ತುಕೊಳ್ಳುವ ವ್ಯವಸ್ಥೆಗೆ ತನ್ನ ಕೈಯಾರೆ ಪಾಠ ಹೇಳಿ ಅನ್ನುವುದಕ್ಕಿಂತ ದೊಡ್ಡ ಅವಮಾನ ಕೆಲಸದ ಜಾಗದಲ್ಲಿ ಇನ್ನೊಂದಿಲ್ಲ.

ಎರಡನೆಯದು ಮರುತರಬೇತಿ. ಆಮದಿನ ಪೈಪೋಟಿಯಿಂದ ಕೆಲಸ ಕಳೆದುಕೊಂಡವರಿಗೆ ತರಬೇತಿ, ಹೆಚ್ಚಿನ ಅವಧಿಯ ಭತ್ಯೆ ಕೊಡುವ ಯೋಜನೆ ಅಮೆರಿಕದಲ್ಲಿತ್ತು. 1974ರ ವ್ಯಾಪಾರ ಕಾನೂನಿನಿಂದ ಅದು ಗಟ್ಟಿಯಾಗಿತ್ತು. ಆದರೆ ಅದು ವಸ್ತು ತಯಾರಿಸುವವರಿಗೆ ಮಾತ್ರ. ಕಾಗದದ ಗಿರಣಿ ಆಮದಿನ ಹೊಡೆತಕ್ಕೆ ಮುಚ್ಚಿದರೆ ಅಲ್ಲಿನ ಕೆಲಸಗಾರ ಅರ್ಜಿ ಹಾಕಬಹುದಿತ್ತು. ಪಕ್ಕದ ರಸ್ತೆಯ ಕಾಲ್ ಸೆಂಟರಿನಿಂದ ಕೆಲಸ ಹೊರದೇಶಕ್ಕೆ ಹೋದರೆ, ನೀವು ಏನೂ ತಯಾರಿಸುತ್ತಿರಲಿಲ್ಲ ಅಂತ ಅರ್ಜಿ ತಿರುಗಿ ಬರುತ್ತಿತ್ತು. ಸೇವಾ ಕೆಲಸಗಾರರನ್ನು ಈ ಯೋಜನೆಗೆ ಸೇರಿಸಿದ್ದು 2009ರಲ್ಲಿ, ಅಂದರೆ ಈ ಪ್ರಕರಣ ಮುಗಿದು ವರ್ಷಗಳ ನಂತರ. 2022ರ ಜುಲೈಯಿಂದ ಅದು ಹೊಸ ಅರ್ಜಿಗಳಿಗೆ ಬಾಗಿಲು ಮುಚ್ಚಿತು.

ಕೊನೆಗೆ ಉಳಿದದ್ದು ಮಾಮೂಲಿ ನಿರುದ್ಯೋಗ ಭತ್ಯೆ. ಸಾಮಾನ್ಯವಾಗಿ ಹೆಚ್ಚೆಂದರೆ 26 ವಾರ. ಅದು ಮುಗಿದ ಮೇಲೂ ಕೆಲಸ ಸಿಗದಿದ್ದರೆ, ಮಕ್ಕಳಿದ್ದರೆ, ಮುಂದಿನ ದಾರಿ ಇದೇ ನೆರವಿನ ಕಾರ್ಡು.

ಮುಂಬೈಯ ಕುರ್ಚಿಗಳು

ಮುಂಬೈಯವರನ್ನು ಈ ಪ್ರಕರಣದ ಖಳರನ್ನಾಗಿ ಮಾಡುವುದು ತಪ್ಪು. ನ್ಯೂಜೆರ್ಸಿಯಲ್ಲಿ ಬೆಳಗ್ಗೆ 8 ಆದಾಗ ಅಲ್ಲಿ ಸಂಜೆ 5.30, ಚಳಿಗಾಲದಲ್ಲಿ 6.30. ನ್ಯೂಜೆರ್ಸಿಯ ಕಚೇರಿ ದಿನ ಮುಗಿಯುವಾಗ ಮುಂಬೈಯಲ್ಲಿ ನಡುರಾತ್ರಿ ಕಳೆದು ಮೂರು ಗಂಟೆಯ ಆಸುಪಾಸು. ತಾವು ಕಂಡಿರದ ದೇಶದ, ಕಂಡಿರದ ಬಡತನದ ಬಗ್ಗೆ ನಿದ್ದೆಗೆಟ್ಟು ಉತ್ತರ ಕೊಟ್ಟವರು ಅವರು. 2003ರಲ್ಲಿ ಗುತ್ತಿಗೆ ಎತ್ತಿದಾಗ ಅವರ ಆ ಕೆಲಸವೂ ಮುಗಿಯಿತು. ಅವರ ಪರವಾಗಿಯೂ ಯಾವ ಸಭೆಯಲ್ಲೂ ಮಾತು ಬರಲಿಲ್ಲ. 2010ರ ಹೊತ್ತಿಗೆ ಕರೆಗಳ ಕೆಲಸದಲ್ಲಿ ಫಿಲಿಪ್ಪೀನ್ಸ್ ಭಾರತವನ್ನು ಹಿಂದೆ ಹಾಕಿತ್ತು. ಅಗ್ಗದ ಜಾಗ ಹುಡುಕಿ ಹೋಗುವ ಗುತ್ತಿಗೆ ಒಂದೇ ಕಡೆ ನಿಲ್ಲುವುದಿಲ್ಲ.

ಕಾನೂನು ಮುಟ್ಟದ ಜಾಗಗಳು

2006ರ ಮಾರ್ಚಿನಲ್ಲಿ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ ಒಂದು ವರದಿ ಕೊಟ್ಟಿತು. ಜನರಿಗೆ ನೆರವು ಕೊಡುವ ಆರು ಕಾರ್ಯಕ್ರಮಗಳನ್ನು ನೋಡಿದಾಗ, 50 ರಾಜ್ಯಗಳು ಮತ್ತು ರಾಜಧಾನಿ ಪ್ರದೇಶ ಸೇರಿ 43 ಕಡೆ ಒಂದಲ್ಲ ಒಂದು ಕೆಲಸ ಹೊರದೇಶದಲ್ಲಿ ನಡೆಯುತ್ತಿತ್ತು. ಜಾಸ್ತಿ ಕಂಡದ್ದು ಆಹಾರ ನೆರವು ಮತ್ತು ನಗದು ನೆರವಿನಲ್ಲೇ. ಗ್ರಾಹಕರ ಕರೆಗಳು ಭಾರತ, ಮೆಕ್ಸಿಕೋಗೆ ಹೋಗುತ್ತಿದ್ದವು. ಅಂದರೆ ನ್ಯೂಜೆರ್ಸಿಯದ್ದು ವಿಚಿತ್ರ ಪ್ರಕರಣ ಆಗಿರಲೇ ಇಲ್ಲ. ಅಲ್ಲಿ ಒಬ್ಬರು ಗಮನಿಸಿ ಪಟ್ಟು ಹಿಡಿದರು, ಅಷ್ಟೇ.

ಇನ್ನೊಂದು ಮಿತಿ ಇದಕ್ಕಿಂತ ದೊಡ್ಡದು. ನ್ಯೂಜೆರ್ಸಿಯ ಕಾನೂನು ಸರ್ಕಾರಿ ಗುತ್ತಿಗೆಗೆ ಮಾತ್ರ. ಬ್ಯಾಂಕು, ವಿಮೆ, ಫೋನ್ ಕಂಪನಿಗಳ ಲಕ್ಷಾಂತರ ಕುರ್ಚಿಗಳ ಮೇಲೆ ಅದಕ್ಕೆ ಅಧಿಕಾರ ಇಲ್ಲ. ಕೆಲಸ ದೇಶದೊಳಗೆ ನಡೆಯಬೇಕು ಅಂತ ಅದು ಹೇಳುತ್ತದೆಯೇ ಹೊರತು ಮನುಷ್ಯರೇ ಮಾಡಬೇಕು ಅಂತ ಹೇಳುವುದಿಲ್ಲ. ಬಾಕಿ ಎಷ್ಟಿದೆ ಅನ್ನುವ ಪ್ರಶ್ನೆಗೆ ಒಂದು ಒತ್ತಿ, ಎರಡು ಒತ್ತಿ ಅನ್ನುವ ಧ್ವನಿಮುದ್ರಿತ ಯಂತ್ರ ಆಗಲೇ ಉತ್ತರ ಕೊಡುತ್ತಿತ್ತು. ಈಗ ಮಾತಾಡುವ ಎಐ ಬಂದಿದೆ. ದೇಶದ ಒಳಗಿನ ಸರ್ವರ್‌ನಲ್ಲಿ ಕೂತ ಎಐಗೆ ಈ ಕಾನೂನಿನಿಂದ ಯಾವ ಅಡ್ಡಿಯೂ ಇಲ್ಲ.

ಒಕ್ಕೂಟದ ಮಟ್ಟದಲ್ಲಿ ಪ್ರಯತ್ನಗಳು ನಡೆದಿವೆ. 2011ರಲ್ಲಿ ನ್ಯೂಯಾರ್ಕಿನ ಸಂಸದ ಟಿಮ್ ಬಿಷಪ್ ತಂದ ಮಸೂದೆ ಕಾನೂನಾಗಲಿಲ್ಲ. 2025ರ ಜುಲೈಯಲ್ಲಿ ಅರಿಜೋನಾದ ರೂಬೆನ್ ಗಯೇಗೊ, ವೆಸ್ಟ್ ವರ್ಜೀನಿಯಾದ ಜಿಮ್ ಜಸ್ಟಿಸ್ ಎಂಬ ಇಬ್ಬರು ಸೆನೆಟರುಗಳು ಅದೇ ಜಾಡಿನ ಇನ್ನೊಂದನ್ನು ಮಂಡಿಸಿದರು. ಒಬ್ಬರು ಡೆಮಾಕ್ರಟ್, ಇನ್ನೊಬ್ಬರು ರಿಪಬ್ಲಿಕನ್. ಕಾಲ್ ಸೆಂಟರ್ ಹೊರದೇಶಕ್ಕೆ ಸಾಗಿಸುವ ಕಂಪನಿ 120 ದಿನ ಮೊದಲೇ ಸರ್ಕಾರಕ್ಕೆ ತಿಳಿಸಬೇಕು, ಎಲ್ಲಿಂದ ಮಾತಾಡುತ್ತಿದ್ದೇವೆ ಅಂತ ಗ್ರಾಹಕರಿಗೆ ಹೇಳಬೇಕು, ಎಐ ಬಳಸಿದರೆ ಅದನ್ನೂ ಹೇಳಬೇಕು, ಕೇಳಿದರೆ ದೇಶದೊಳಗಿನ ಮನುಷ್ಯರಿಗೆ ಕರೆ ಕೊಡಬೇಕು ಅನ್ನುವುದು ಅದರ ಸಾರ.

ಗ್ರೀನ್ ಬೇಯವರಂಥ ಸಣ್ಣ ಟೀಮಿಗೆ ಇವಕ್ಕಿಂತ ಹತ್ತಿರದ ಪರಿಹಾರ ಗುತ್ತಿಗೆ ಪತ್ರದಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಬ್ರಿಟನ್‌ನಲ್ಲಿ ಗುತ್ತಿಗೆ ಒಬ್ಬರಿಂದ ಇನ್ನೊಬ್ಬರಿಗೆ ಹೋದಾಗ ಆ ಕೆಲಸಕ್ಕೇ ಮೀಸಲಾದ ಸಿಬ್ಬಂದಿಯೂ ಅದೇ ಷರತ್ತುಗಳ ಮೇಲೆ ಹೊಸಬರ ಕಡೆಗೆ ಹೋಗುವ ನಿಯಮವಿದೆ. ಅದನ್ನು ಇಡಿಯಾಗಿ ತರುವುದು ಬೇಡ. ಟೆಂಡರ್ ಬರೆಯುವಾಗಲೇ ಮೂರು ಮಾತು ಸೇರಿಸಿದರೆ ಸಾಕು: ಕೆಲಸದ ಜಾಗ ಬದಲಿಸುವ ಮೊದಲು ಇಲಾಖೆಯ ಒಪ್ಪಿಗೆ ಪಡೆಯಬೇಕು. ಟೀಮು ಎಷ್ಟೇ ಚಿಕ್ಕದಿರಲಿ, ಸಿಬ್ಬಂದಿಗೆ ಇಂತಿಷ್ಟು ತಿಂಗಳ ನೋಟಿಸ್ ಮತ್ತು ತರಬೇತಿ ಖರ್ಚು ಕೊಡಬೇಕು. ಕೆಲಸ ಮತ್ತೆ ದೇಶಕ್ಕೆ ಬಂದರೆ ಮೊದಲ ಕರೆ ಹಳಬರಿಗೆ ಹೋಗಬೇಕು, ಮನೆಯಿಂದಲೇ ಮಾಡಬಹುದಾದರೆ ಹಾಗೇ ಮಾಡಲು ಬಿಡಬೇಕು. ಕ್ಯಾಮ್ಡನ್‌ಗಾಗಿ ರಾಜ್ಯ ಹೆಚ್ಚುವರಿ ಹಣ ಕೊಟ್ಟಾಗ ಮಾತುಕತೆಯ ಮೇಜು ಅದರದ್ದೇ ಆಗಿತ್ತು. ಈ ಮೂರನೆಯ ಮಾತನ್ನು ಸೇರಿಸಿ ಅಂತ ಕೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ.